ಕೂಸಿನ ನಾಲಿಗೆ ಅಂಟಿದೆ ಅಂದರೆ: ಕತ್ತರಿ ಯಾವಾಗ ಬೇಕು, ಯಾವಾಗ ಬೇಡ

ಹೆರಿಗೆಯಾದ ಮೂರನೇ ದಿನವೋ ನಾಲ್ಕನೇ ದಿನವೋ ಈ ಮಾತು ಬರುತ್ತದೆ. ಕೂಸು ಬಾಯಿಬಿಟ್ಟು ಅಳುವಾಗ ಕಂಡ ನರ್ಸೋ, ಎಣ್ಣೆ ಹಚ್ಚಿ ನೀರು ಹಾಕಲು ಬಂದ ಅಜ್ಜಿಯೋ "ನಾಲಿಗೆ ಕೆಳಗೆ ಅಂಟಿಕೊಂಡಿದೆ ಕಣಮ್ಮ" ಅನ್ನುತ್ತಾರೆ. ಆಮೇಲೆ ಮನೆಯಲ್ಲಿ ಎರಡು ಪಕ್ಷ. "ಈಗಲೇ ಕತ್ತರಿಸಿ, ಇಲ್ಲದಿದ್ದರೆ ಮಾತು ಬರಲ್ಲ" ಅನ್ನುವವರು ಒಂದು ಕಡೆ. "ನಿಮ್ಮ ಮಾವನಿಗೂ ಹಾಗೇ ಇತ್ತು, ಏನಾಯ್ತೀಗ" ಅನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷದವರು ನೋಡಿರುವುದು ನಾಲಿಗೆಯಡಿಯ ಪೊರೆಯನ್ನು ಮಾತ್ರ. ಕೂಸು ಹಾಲು ಕುಡಿಯುವುದನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿದವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಎಳೆಗೂಸಿನ ವಿಷಯದಲ್ಲಿ ಕತ್ತರಿ ಬೇಕೋ ಬೇಡವೋ ಎಂಬುದು ಟಾರ್ಚಿನ ಬೆಳಕಿನಲ್ಲಿ ತೀರ್ಮಾನವಾಗುವುದಲ್ಲ, ಎದೆಹಾಲು ಕುಡಿಸುವ ಜಾಗದಲ್ಲಿ ತೀರ್ಮಾನವಾಗುವುದು. ಕೆಳಗಿನ ಹೆಜ್ಜೆಗಳೆಲ್ಲ ಆ ತೀರ್ಮಾನಕ್ಕೆ ಬರುವ ದಾರಿ.

ಪೊರೆ ಎಲ್ಲರಿಗೂ ಇದೆ

ಕನ್ನಡಿ ಮುಂದೆ ನಿಂತು ನಿಮ್ಮದೇ ನಾಲಿಗೆ ಎತ್ತಿ ನೋಡಿ. ನಡುವೆ ಒಂದು ಪೊರೆ ಎದ್ದು ಕಾಣುತ್ತದೆ. ಅದು ರೋಗವಲ್ಲ. ಅದನ್ನು ನಾಲಿಗೆಯನ್ನು ಕೆಳಗೆ ಕಟ್ಟಿಹಾಕಿದ ಒಂದು ದಾರ ಎಂದು ಬಹಳ ಕಾಲ ತಿಳಿದಿದ್ದರು. ನ್ಯೂಜಿಲೆಂಡಿನ ವೈದ್ಯೆ ನಿಕ್ಕಿ ಮಿಲ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಂಗರಚನೆಯ ಅಧ್ಯಯನ ಬೇರೆಯೇ ಹೇಳಿತು: ಬಾಯಿಯ ತಳದಲ್ಲಿ ಹರಡಿರುವ ತೆಳು ಪದರವೇ ನಾಲಿಗೆ ಎತ್ತಿದಾಗ ಮಡಿಕೆಯಾಗಿ ಮೇಲೇಳುತ್ತದೆ, ನಾಲಿಗೆಯ ನರದ ಸಣ್ಣ ಕವಲುಗಳು ಅದಕ್ಕೆ ತೀರಾ ಹತ್ತಿರದಲ್ಲೇ ಹಾದುಹೋಗುತ್ತವೆ. ಹಾಗಾಗಿ "ಸುಮ್ಮನೆ ಒಂದು ಚರ್ಮ, ಕತ್ತರಿಸಿದರೆ ಏನಾಗುತ್ತೆ" ಅನ್ನುವ ಮಾತು ಪೂರ್ತಿ ಸರಿಯಲ್ಲ.

ಕೆಲವು ಮಕ್ಕಳಲ್ಲಿ ಈ ಮಡಿಕೆ ಗಿಡ್ಡವಾಗಿಯೋ ದಪ್ಪವಾಗಿಯೋ ಇದ್ದು ನಾಲಿಗೆಯ ತುದಿಯವರೆಗೂ ಬಂದಿರುತ್ತದೆ, ನಾಲಿಗೆ ಏಳಲು, ಚಾಚಲು ಬಿಡುವುದಿಲ್ಲ. ಇದೇ ಟಂಗ್ ಟೈ. ಡಾಕ್ಟರ ಚೀಟಿಯಲ್ಲಿ ಆಂಕಿಲೋಗ್ಲಾಸಿಯಾ ಎಂದಿರಬಹುದು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು, ವಂಶದಲ್ಲೂ ಬರುತ್ತದೆ. ಮಾವನಿಗೂ ಇತ್ತು ಅನ್ನುವುದು ಸುಳ್ಳಿರಲಿಕ್ಕಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2024ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಟಂಗ್ ಟೈ ಲಕ್ಷಣ ಕಾಣುವ ಕೂಸುಗಳಲ್ಲಿ ಅರ್ಧಕ್ಕಿಂತ ಕಡಿಮೆ ಕೂಸುಗಳಿಗೆ ಮಾತ್ರ ಹಾಲು ಕುಡಿಯಲು ತೊಂದರೆಯಾಗುತ್ತದೆ. ಉಳಿದವು ಆರಾಮಾಗಿ ಕುಡಿದು ಬೆಳೆಯುತ್ತವೆ.

ಹೆಜ್ಜೆ 1: ನಾಲಿಗೆ ಹೇಗಿದೆ ಅನ್ನುವುದಕ್ಕಿಂತ ಏನು ಮಾಡುತ್ತದೆ ನೋಡಿ

ಬ್ರಿಸ್ಟಲ್ ಪರೀಕ್ಷೆ ಎಂಬ ಒಂದು ಸರಳ ಅಳತೆ ಇದೆ. ಅದರಲ್ಲಿ ನೋಡುವುದು ನಾಲ್ಕು ಸಂಗತಿ: ನಾಲಿಗೆಯ ತುದಿ ಹೇಗಿದೆ, ಪೊರೆ ಕೆಳವಸಡಿಗೆ ಎಲ್ಲಿ ಅಂಟಿದೆ, ಬಾಯಿ ಅಗಲ ತೆರೆದು ಅಳುವಾಗ ನಾಲಿಗೆ ಎಷ್ಟು ಎತ್ತರ ಏಳುತ್ತದೆ, ಎಷ್ಟು ಮುಂದೆ ಚಾಚುತ್ತದೆ. ಪ್ರತಿಯೊಂದಕ್ಕೂ 0ರಿಂದ 2 ಅಂಕ, ಒಟ್ಟು 8. ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಲಿಗೆಯ ಚಲನೆ ಗಣನೀಯವಾಗಿ ಕುಗ್ಗಿದೆ ಎಂದು ಲೆಕ್ಕ. ಅಂಕ ಹಾಕುವುದು ತರಬೇತಾದವರ ಕೆಲಸ. ಆದರೆ ಮನೆಯಲ್ಲಿ ನೀವೂ ಗಮನಿಸಬಹುದು: ಅಳುವಾಗ ನಾಲಿಗೆಯ ತುದಿ ಬಾಯಿಯ ನಡುಮಟ್ಟಕ್ಕಾದರೂ ಏಳುತ್ತದೆಯೇ? ಕೆಳತುಟಿಯನ್ನು ಮೆತ್ತಗೆ ಮುಟ್ಟಿದರೆ ನಾಲಿಗೆ ಕೆಳವಸಡನ್ನು ದಾಟಿ ಮುಂದೆ ಬರುತ್ತದೆಯೇ? ಚಾಚಿದಾಗ ತುದಿಯ ನಡುವೆ ಕಚ್ಚು ಬಿದ್ದು ಎರಡು ಭಾಗವಾದಂತೆ ಕಾಣುತ್ತದೆಯೇ?

"ಹಿಂಭಾಗದ ಟಂಗ್ ಟೈ", "ತುಟಿ ಟೈ", "ಕೆನ್ನೆ ಟೈ" ಎಂಬ ಮಾತುಗಳೂ ನಿಮ್ಮ ಕಿವಿಗೆ ಬೀಳಬಹುದು. ಹಿಂಭಾಗದ ಟಂಗ್ ಟೈ ಎಂದರೆ ಏನೆಂಬುದರಲ್ಲೇ ತಜ್ಞರಲ್ಲಿ ಒಮ್ಮತವಿಲ್ಲ. ಅಕಾಡೆಮಿಯ ವರದಿ ಆ ಪದವನ್ನೇ ಬಳಸಬೇಡಿ ಅನ್ನುತ್ತದೆ. ಮೇಲ್ತುಟಿಯ ಪೊರೆ ಎಳೆಗೂಸುಗಳಲ್ಲಿ ಸಹಜ. ಹಾಲು ಕುಡಿಯಲೆಂದು ತುಟಿ, ಕೆನ್ನೆಯ ಪೊರೆ ಕತ್ತರಿಸುವುದಕ್ಕೆ ಗಟ್ಟಿ ಆಧಾರವಿಲ್ಲ. ಒಂದೇ ಭೇಟಿಯಲ್ಲಿ ಮೂರೂ ಕಡೆ "ಬಿಡಿಸಿಬಿಡೋಣ" ಅಂದರೆ ನಾನಾದರೆ ಎದ್ದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತೇನೆ.

ಹೆಜ್ಜೆ 2: ಒಂದು ಪೂರ್ತಿ ಹಾಲೂಡಿಕೆ ನೋಡಿ

ಇದೇ ಮುಖ್ಯವಾದ ಹೆಜ್ಜೆ, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ಕೂಸು ಸರಿಯಾಗಿ ಕಚ್ಚಿದ್ದರೆ ಬಾಯಿ ಅಗಲ ತೆರೆದಿರುತ್ತದೆ, ಗದ್ದ ಎದೆಗೆ ತಾಗಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೂಸಿನ ಮೇಲ್ತುಟಿಯ ಕಡೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಮೊದಲು ಪಟಪಟ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ, ಗುಟುಕು ಕೇಳುವಂತೆ ಕುಡಿಯುತ್ತದೆ.

ತೊಂದರೆ ಇದ್ದರೆ ಕಾಣುವುದೇ ಬೇರೆ. ಕಚ್ಚಿ ಕಚ್ಚಿ ಬಿಡುತ್ತದೆ. ಲೊಚಕ್ ಲೊಚಕ್ ಎಂದು ಶಬ್ದ ಬರುತ್ತದೆ. ಹಾಲು ಬಾಯಿಯ ಪಕ್ಕದಿಂದ ಸೋರುತ್ತದೆ. ಮುಕ್ಕಾಲು ಗಂಟೆ ಎದೆಯಲ್ಲೇ ಇದ್ದು, ಕೆಳಗಿಟ್ಟ ಹತ್ತು ನಿಮಿಷಕ್ಕೆ ಹಸಿವೆಯಿಂದ ಮತ್ತೆ ಅಳುತ್ತದೆ. ತಾಯಿಯ ಕಡೆಯ ಲಕ್ಷಣಗಳಿಗೂ ಇಷ್ಟೇ ತೂಕ ಕೊಡಬೇಕು: ಹಾಲೂಡಿಸುವಷ್ಟು ಹೊತ್ತೂ ಹಲ್ಲುಕಚ್ಚಿ ತಡೆಯುವಂಥ ನೋವು, ಬಿರಿದ ತೊಟ್ಟು, ಕೂಸು ಬಿಟ್ಟ ಮೇಲೆ ತೊಟ್ಟು ಹೊಸ ಲಿಪ್‌ಸ್ಟಿಕ್ಕಿನ ಮೂತಿಯಂತೆ ಓರೆಯಾಗಿ ಚಪ್ಪಟೆಯಾಗಿರುವುದು, ಕುಡಿಸಿದ ಮೇಲೂ ಎದೆ ಗಟ್ಟಿಯಾಗಿಯೇ ಉಳಿಯುವುದು. "ಬಾಣಂತಿಗೆ ನೋವು ಇದ್ದದ್ದೇ, ಸಹಿಸಿಕೋ" ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಮೊದಲ ಕೆಲವು ದಿನ, ಕಚ್ಚಿದ ಕ್ಷಣ ಸ್ವಲ್ಪ ಚುರುಕ್ಕೆನ್ನುವುದು ಬೇರೆ. ಕಣ್ಣೀರು ಬರಿಸುವ ನೋವು ದಿನವೂ ಇದ್ದರೆ ಅದು ಏನೋ ಸರಿಯಿಲ್ಲ ಎಂಬ ಸೂಚನೆ. ಎಷ್ಟೋ ತಾಯಂದಿರು ಹಾಲೂಡಿಸುವುದನ್ನು ನಿಲ್ಲಿಸುವುದು ಇದೇ ನೋವಿಗೆ.

ಸಾಧ್ಯವಾದರೆ ಮನೆಯವರ ಹತ್ತಿರ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿಸಿಟ್ಟುಕೊಳ್ಳಿ. ಒಪಿಡಿಯ ಗದ್ದಲದಲ್ಲಿ ಕೂಸು ನಿದ್ದೆಹೋಗಿರುತ್ತದೆ. ಆಗ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 3: ತೂಕ, ಒದ್ದೆ ಬಟ್ಟೆ

ಹುಟ್ಟಿದ ಮೊದಲ ಕೆಲವು ದಿನ ಹೆಚ್ಚುಕಡಿಮೆ ಎಲ್ಲ ಕೂಸುಗಳ ತೂಕವೂ ಸ್ವಲ್ಪ ಇಳಿಯುತ್ತದೆ. ಹುಟ್ಟುತೂಕದ ಶೇ. 10ರಷ್ಟು ಇಳಿಯಿತೆಂದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತಿರಬೇಕು. ಐದನೇ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಸಲ ತಿಳಿಯಾದ ಮೂತ್ರ ಹೋಗಬೇಕು, 8ರಿಂದ 12 ಸಲ ಹಾಲು ಕುಡಿಯಬೇಕು.

ಹಳ್ಳಿಯಲ್ಲಿದ್ದರೆ ಇದಕ್ಕಾಗಿ ಊರಾಚೆ ಓಡಬೇಕಿಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವ ವ್ಯವಸ್ಥೆ ಇದೆ. ಅವರ ಬಳಿ ತೂಕದ ಸಾಧನವೂ ಇರುತ್ತದೆ. ತೂಗಿದ್ದನ್ನೆಲ್ಲ ತಾಯಿ ಕಾರ್ಡಿನಲ್ಲಿ ಬರೆಸಿ. ಸರ್ಜರಿ ಬೇಕೆನ್ನುವ ಡಾಕ್ಟರ ಮುಂದೆ ಆ ಕಾರ್ಡ್ ಇಡಿ. ತೂಕದ ಗೆರೆ ಚೆನ್ನಾಗಿ ಏರುತ್ತಿದ್ದು, ತಾಯಿಗೆ ನೋವೂ ಇಲ್ಲವೆಂದರೆ, ಪೊರೆ ಎಷ್ಟೇ ಗಿಡ್ಡವಿರಲಿ, ಈಗ ಕತ್ತರಿಸಲು ಕಾರಣವಿಲ್ಲ.

ಇಲ್ಲೊಂದು ಎಚ್ಚರಿಕೆ. ಕೂಸು ಹಾಲಿಗೇ ಏಳದೆ ಮಂಕಾಗಿ ಮಲಗಿದ್ದರೆ, ಮೂತ್ರ ತೀರಾ ಕಡಿಮೆಯಾಗಿದ್ದರೆ, ಅಂಗೈ ಅಂಗಾಲಿನವರೆಗೆ ಹಳದಿ ಇಳಿದಿದ್ದರೆ, ಜ್ವರವಿದ್ದರೆ ಅಥವಾ ಮೈ ತಣ್ಣಗಾಗಿದ್ದರೆ, ಉಸಿರಾಟ ಜೋರಾಗಿದ್ದರೆ, ನಾಲಿಗೆಯ ಚರ್ಚೆ ಪಕ್ಕಕ್ಕಿಟ್ಟು ಆಗಲೇ ಆಸ್ಪತ್ರೆಗೆ ಹೋಗಿ.

ಹೆಜ್ಜೆ 4: ಮೊದಲು ಕಚ್ಚಿಸುವ ಬಗೆ ಸರಿಮಾಡಿ

ಅಮೆರಿಕದ ಬಾಸ್ಟನ್‌ನ ಒಂದು ಆಸ್ಪತ್ರೆಯಲ್ಲಿ, ನಾಲಿಗೆ ಬಿಡಿಸಲು ಕಳಿಸಿದ್ದ 115 ಕೂಸುಗಳನ್ನು ಹಾಲೂಡಿಕೆಯ ತಜ್ಞರ ತಂಡ ಮೊದಲು ಪರೀಕ್ಷಿಸಿತು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ. 60ಕ್ಕಿಂತ ಹೆಚ್ಚು ಕೂಸುಗಳಿಗೆ ಕೊನೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ. ಅಮೆರಿಕದಲ್ಲೇ 1997ರಿಂದ 2012ರೊಳಗೆ ಆಸ್ಪತ್ರೆಗಳಲ್ಲಿ ಟಂಗ್ ಟೈ ಎಂದು ಗುರುತಿಸುವುದು ಎಂಟು ಪಟ್ಟಾಗಿತ್ತು. ಕೂಸುಗಳ ನಾಲಿಗೆ ಹದಿನೈದು ವರ್ಷದಲ್ಲಿ ಬದಲಾಗಲಿಲ್ಲ, ನೋಡುವವರ ಕಣ್ಣು ಬದಲಾಯಿತು.

ನಮ್ಮಲ್ಲಿ ಲ್ಯಾಕ್ಟೇಶನ್ ಕೌನ್ಸೆಲರ್ ಎಲ್ಲ ಕಡೆ ಸಿಗುವುದಿಲ್ಲ, ನಿಜ. ದೊಡ್ಡ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಹೆರಿಗೆ ವಾರ್ಡಿನ ಅನುಭವಿ ಸಿಸ್ಟರ್ ಅನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಹಾಲೂಡಿಸಿ. ಗಮನಿಸಬೇಕಾದದ್ದು ಇಷ್ಟು: ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಲಿ. ನೀವು ಬಾಗಿ ಎದೆಯನ್ನು ಕೂಸಿನ ಬಾಯಿಗೆ ತುರುಕಬೇಡಿ, ಕೂಸನ್ನೇ ಎದೆಗೆ ತನ್ನಿ. ತೊಟ್ಟು ಕೂಸಿನ ಮೂಗಿನ ನೇರಕ್ಕಿರಲಿ. ಬಾಯಿ ಆಕಳಿಸಿದಷ್ಟು ಅಗಲವಾದ ಕ್ಷಣ ಗದ್ದ ಮೊದಲು ತಾಗುವಂತೆ ಹತ್ತಿರ ಎಳೆದುಕೊಳ್ಳಿ. ತಲೆಯ ಹಿಂಭಾಗ ಒತ್ತಬೇಡಿ. ಹಿಂದಕ್ಕೆ ಒರಗಿ ಕೂತು ಕೂಸನ್ನು ಎದೆಯ ಮೇಲೆ ಕವುಚಿ ಮಲಗಿಸಿಕೊಂಡು ಕುಡಿಸಿದರೆ ನಾಲಿಗೆ ತಾನಾಗಿ ಮುಂದೆ ಬರುವುದರಿಂದ ಕೆಲವು ಕೂಸುಗಳಿಗೆ ಅನುಕೂಲ. ಎದೆ ಕಲ್ಲಿನಂತಾಗಿದ್ದರೆ ಮೊದಲು ಸ್ವಲ್ಪ ಹಾಲು ಕೈಯಲ್ಲಿ ಹಿಂಡಿ ಮೆದು ಮಾಡಿಕೊಳ್ಳಿ.

ಈ ದಿನಗಳಲ್ಲಿ ಕೂಸು ಉಪವಾಸ ಬೀಳಬಾರದು, ಹಾಲೂ ಬತ್ತಬಾರದು. ಕೂಸು ಸರಿಯಾಗಿ ಎಳೆಯದಿದ್ದರೆ ಹಾಲು ಹಿಂಡಿ ತೆಗೆಯಿರಿ. ಒಳಲೆಯನ್ನು (ಮೂತಿಯಿರುವ ಪುಟ್ಟ ಬಟ್ಟಲು) ತೊಳೆದು ನೀರಿನಲ್ಲಿ ಕುದಿಸಿ, ಅದರಲ್ಲಿ ಕೊಡಿ. ನಮ್ಮ ಅಜ್ಜಿಯರ ಒಳಲೆ ಬಾಟಲಿಗಿಂತ ಎಷ್ಟೋ ವಾಸಿ: ತೊಳೆಯುವುದು ಸುಲಭ, ಕೂಸಿಗೆ ರಬ್ಬರ್ ತೊಟ್ಟಿನ ಅಭ್ಯಾಸವೂ ಆಗುವುದಿಲ್ಲ. ಕೂಸನ್ನು ಸ್ವಲ್ಪ ಎತ್ತಿ ಹಿಡಿದು, ಹನಿ ಹನಿಯಾಗಿ, ನುಂಗಿದ ಮೇಲೆ ಮುಂದಿನ ಗುಟುಕು. ಅಂಗಾತ ಮಲಗಿಸಿ ಸುರಿಯುವುದು ಬೇಡ.

ಹೆಜ್ಜೆ 5: ಬೇರೆ ಕಾರಣ ಇದೆಯೇ?

ಹಾಲು ಕುಡಿಯದ ಕೂಸಿನ ಬಾಯಿಯಲ್ಲಿ ಒಂದು ಪೊರೆ ಕಂಡರೆ ತಪ್ಪೆಲ್ಲ ಅದರ ಮೇಲೆ ಹಾಕುವುದು ಸುಲಭ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಕಾಮಾಲೆಯ ಮಂಪರು, ಸೋಂಕು, ಹೃದಯದ ತೊಂದರೆ, ಬಾಯಿಯ ಅಂಗುಳು ಸೀಳಿರುವುದು, ಮೈ ಸಡಿಲವಾಗಿರುವುದು, ತಾಯಿಯ ಚಪ್ಪಟೆ ತೊಟ್ಟು, ಥೈರಾಯ್ಡ್‌ನಿಂದ ಹಾಲು ಕಡಿಮೆಯಾಗಿರುವುದು, ಹೀಗೆ ಕಾರಣ ಹತ್ತಾರು. ಇವನ್ನು ಮಕ್ಕಳ ಡಾಕ್ಟರೇ ತಳ್ಳಿಹಾಕಬೇಕು. ಅದರಲ್ಲೂ ಕೆಳದವಡೆ ತೀರಾ ಸಣ್ಣದಾಗಿ ಹಿಂದಕ್ಕೆ ಸರಿದಿರುವ ಕೂಸುಗಳಲ್ಲಿ ಪೊರೆ ಕತ್ತರಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿಗೇ ಅಡ್ಡಬರುವ ಅಪಾಯವಿದೆ.

ಹೆಜ್ಜೆ 6: ಮೂರೂ ಕೂಡಿದರೆ ಮಾತ್ರ ಕತ್ತರಿ

ಪರೀಕ್ಷಿಸಿದಾಗ ನಾಲಿಗೆಯ ಚಲನೆ ಸ್ಪಷ್ಟವಾಗಿ ಕುಗ್ಗಿರಬೇಕು. ಅದರ ಜೊತೆಗೆ ಕೂಸಿನ ತೂಕವೋ ತಾಯಿಯ ನೋವೋ ನಿಜವಾದ ತೊಂದರೆಯಾಗಿ ಇರಬೇಕು. ಮತ್ತು, ತಿಳಿದವರ ಸಹಾಯದಿಂದ ಕಚ್ಚಿಸುವ ಬಗೆ ತಿದ್ದಿದ ಮೇಲೂ ಆ ತೊಂದರೆ ಉಳಿದಿರಬೇಕು. ಮೂರೂ ಇದ್ದರೆ ಹಿಂಜರಿಯಬೇಡಿ, ಮಾಡಿಸಿ. ವಾರಗಟ್ಟಲೆ ಕಾದು ಹಾಲು ಬತ್ತಿದ ಮೇಲೆ ಕತ್ತರಿಸಿ ಪ್ರಯೋಜನವಿಲ್ಲ. ತೂಕ ಇಳಿಯುತ್ತಲೇ ಇದ್ದರೆ ನಾಲ್ಕನೇ ಹೆಜ್ಜೆಗೆ ಕೊಡುವ ಸಮಯವೂ ಎರಡು ಮೂರು ದಿನಕ್ಕಿಂತ ಹೆಚ್ಚಿರಬಾರದು.

ಎಷ್ಟು ಲಾಭ ನಿರೀಕ್ಷಿಸಬಹುದು? ಐದು ಪ್ರಯೋಗಗಳ 302 ಕೂಸುಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಕಾಕ್ರನ್ ಎಂಬ ಸಂಸ್ಥೆಯ 2017ರ ವಿಮರ್ಶೆಯ ಪ್ರಕಾರ, ಕತ್ತರಿಸಿದ ಮೇಲೆ ತಾಯಂದಿರ ನೋವು ಕೆಲಕಾಲಕ್ಕಾದರೂ ಕಡಿಮೆಯಾಗಿತ್ತು. ಕೂಸು ಹಾಲು ಕುಡಿಯುವುದು ಸುಧಾರಿಸಿತೇ ಎಂಬುದಕ್ಕೆ ಎಲ್ಲ ಪ್ರಯೋಗಗಳೂ ಒಂದೇ ಉತ್ತರ ಕೊಡಲಿಲ್ಲ. 2023ರಲ್ಲಿ ಬ್ರಿಟನ್ನಿನಿಂದ ಬಂದ ಇನ್ನೊಂದು ಪ್ರಯೋಗದಲ್ಲಿ, ಮೂರು ತಿಂಗಳಾದಾಗ ಎದೆಹಾಲು ಕುಡಿಯುತ್ತಿದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಕತ್ತರಿಸದ ಗುಂಪಿನ ಬಹುಪಾಲು ಕೂಸುಗಳಿಗೂ ಮಧ್ಯದಲ್ಲೇ ಕತ್ತರಿಸಿಬಿಟ್ಟಿದ್ದರಿಂದ ಆ ಫಲಿತಾಂಶವನ್ನು ಕೊನೆಯ ಮಾತೆಂದು ಹಿಡಿಯಲಾಗದು. ಆರಿಸಿ ಮಾಡಿದರೆ ಉಪಯೋಗ ಇದೆ, ಕಂಡಕಂಡವರಿಗೆಲ್ಲ ಮಾಡಿದರೆ ಇಲ್ಲ ಎಂಬುದು ನನ್ನ ಓದು.

ಮಾತಿನ ಭಯ

ನಮ್ಮ ಕಡೆ ಹೆಚ್ಚಿನವರು ಕತ್ತರಿ ಹಿಡಿಸುವುದು ಹಾಲಿಗಾಗಿ ಅಲ್ಲ, ಮಾತಿಗಾಗಿ. "ಮಾತು ಬರುತ್ತೋ ಇಲ್ಲವೋ" ಎಂಬ ಭಯಕ್ಕೆ ಬಾಣಂತಿ ಮಣಿಯುತ್ತಾಳೆ. ಕೂಸಿನ ಮೊದಲ ಮಾತುಗಳನ್ನೇ ನೀವೊಮ್ಮೆ ಬಾಯಲ್ಲಿ ಹೇಳಿ ನೋಡಿ: ಅಮ್ಮ, ಅಪ್ಪ, ಪಾಪು. ತುಟಿ ಸೇರಿದರೆ ಸಾಕು, ನಾಲಿಗೆ ಏಳಬೇಕಾಗಿಲ್ಲ. ಟಂಗ್ ಟೈಯಿಂದ ಮಾತು ಶುರುವಾಗುವುದು ತಡವಾಗುವುದಿಲ್ಲ. ಎರಡು ವರ್ಷವಾದರೂ ಒಂದು ಪದವೂ ಇಲ್ಲದ ಮಗುವಿಗೆ ನಾಲಿಗೆ ಕತ್ತರಿಸಿ ಕೂತರೆ, ಮೊದಲು ನೋಡಬೇಕಾಗಿದ್ದ ಕಿವಿ ಪರೀಕ್ಷೆ ತಪ್ಪಿಹೋಗುತ್ತದೆ. ಆ ನಷ್ಟ ದೊಡ್ಡದು.

ನಾಲಿಗೆಯ ತುದಿ ಏಳಬೇಕಾದ ರ, ಲ, ಳ, ಟ, ಡ, ಣದಂಥ ಸದ್ದುಗಳಲ್ಲಿ ಕೆಲವು ಮಕ್ಕಳಿಗೆ ತೊಡಕಾಗಬಹುದು. ಆದರೆ ಯಾವ ಮಗುವಿಗೆ ಆಗುತ್ತದೆ ಎಂದು ಹತ್ತು ದಿನದ ಕೂಸಿನ ಬಾಯಿ ನೋಡಿ ಹೇಳಲು ಬರುವುದಿಲ್ಲ. ಜೊತೆಗೆ "ರ" ಎಲ್ಲ ಮಕ್ಕಳಿಗೂ ತಡವಾಗಿಯೇ ಬರುವ ಅಕ್ಷರ. ಮೂರು ನಾಲ್ಕು ವರ್ಷದಲ್ಲಿ ಉಚ್ಚಾರದ ಅನುಮಾನ ಬಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಹತ್ತಿರದ ವಾಕ್ ಚಿಕಿತ್ಸಕರಲ್ಲೋ ತೋರಿಸಿ, ಆಗ ನಿರ್ಧರಿಸಬಹುದು.

ಇದೇ ಭಯಕ್ಕೆ ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚುವ ರೂಢಿಯೂ ಇದೆ. ಬಜೆ ಪೊರೆಯನ್ನು ಬಿಡಿಸುವುದಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಜೀವಾಣುವಿನಿಂದ ಬಾಟ್ಯುಲಿಸಮ್ ಎಂಬ, ಸ್ನಾಯುಗಳ ಶಕ್ತಿಯನ್ನೇ ಕಸಿಯುವ ಕಾಯಿಲೆ ಬರಬಹುದು. ಮನೆಯಲ್ಲಿ ಉಗುರಿನಿಂದಲೋ ಬ್ಲೇಡಿನಿಂದಲೋ ಬಿಡಿಸುವ ಸಾಹಸವೂ ಬೇಡ. ಹಿಂದೆ ಯುರೋಪಿನ ಸೂಲಗಿತ್ತಿಯರು ಇದಕ್ಕೆಂದೇ ಉಗುರು ಬೆಳೆಸಿಕೊಳ್ಳುತ್ತಿದ್ದರಂತೆ. ಆ ಕಾಲ ಹೋಯಿತು.

ಹೆಜ್ಜೆ 7: ಒಪ್ಪುವ ಮೊದಲು ಕೇಳಿ

ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಮನೆಯಲ್ಲಿ ಹೆರಿಗೆಯಾಗಿದ್ದರೆ ಇದು ತಪ್ಪಿಹೋಗಿರುವ ಸಾಧ್ಯತೆ ಹೆಚ್ಚು, ಅದಿಲ್ಲದೆ ಕತ್ತರಿಸುವಂತಿಲ್ಲ. ವಂಶದಲ್ಲಿ ಯಾರಿಗಾದರೂ ರಕ್ತ ನಿಲ್ಲದ ಕಾಯಿಲೆ ಇದ್ದರೆ, ಮುಖ್ಯವಾಗಿ ತಾಯಿಯ ಅಣ್ಣತಮ್ಮಂದಿರಲ್ಲಿ, ಅದನ್ನು ಮುಚ್ಚಿಡದೆ ಹೇಳಿ.

ಡಾಕ್ಟರನ್ನು ಕೇಳಬೇಕಾದದ್ದು: ಇಂಥ ಎಳೆಗೂಸುಗಳಿಗೆ ನೀವು ಮಾಡುತ್ತಿರುತ್ತೀರಾ? ನಾನು ಹಾಲೂಡಿಸುವುದನ್ನು ನೋಡಿ ಹೇಳುತ್ತೀರಾ? ಕತ್ತರಿಯೋ ಲೇಸರೋ? ಲೇಸರ್ ಹೆಚ್ಚು ಒಳ್ಳೆಯದೆಂದು ತೋರಿಸುವ ಆಧಾರವಿಲ್ಲ, ಹಾಗಾಗಿ ಅದಕ್ಕೆಂದು ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮಾಡಿಸಬೇಡಿ.

ಹೆಜ್ಜೆ 8: ಆ ದಿನ ಮತ್ತು ಆಮೇಲೆ

ಮೊದಲ ಕೆಲವು ತಿಂಗಳಲ್ಲಾದರೆ ಕೆಲಸ ಸಣ್ಣದು. ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಒಬ್ಬರು ತಲೆ ಹಿಡಿದು, ಡಾಕ್ಟರು ನಾಲಿಗೆ ಎತ್ತಿ ಮೊಂಡುತುದಿಯ ಕತ್ತರಿಯಿಂದ ಪೊರೆ ಬಿಡಿಸುತ್ತಾರೆ. ಪೂರ್ತಿ ಅರಿವಳಿಕೆ ಬೇಕಿಲ್ಲ. ಬೆಂಜೊಕೇನ್ ಇರುವ ಮರಗಟ್ಟಿಸುವ ಜೆಲ್ ಮಾತ್ರ ಎಳೆಗೂಸಿಗೆ ಹಚ್ಚಬಾರದು. ರಕ್ತ ಆಮ್ಲಜನಕ ಒಯ್ಯುವುದಕ್ಕೇ ಅದರಿಂದ ತೊಂದರೆಯಾಗಬಹುದು. ಕೆಲವು ಹನಿ ರಕ್ತ ಬರುತ್ತದೆ, ಗಾಜ್ ಬಟ್ಟೆ ಒತ್ತಿ ಕೂಡಲೇ ಎದೆಗೆ ಕೊಡುತ್ತಾರೆ. ಎದೆಹಾಲೇ ಅಲ್ಲಿ ನೋವಿನ ಮದ್ದು. ಮಗು ದೊಡ್ಡದಾದ ಮೇಲೆ, ಪೊರೆ ದಪ್ಪವಿದ್ದರೆ, ಆಪರೇಷನ್ ಥಿಯೇಟರಿನಲ್ಲಿ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕಾಗುತ್ತದೆ.

ಅಪರೂಪವಾದರೂ ಹೆಚ್ಚು ರಕ್ತಸ್ರಾವ, ಸೋಂಕು, ಪಕ್ಕದಲ್ಲೇ ತೆರೆದುಕೊಳ್ಳುವ ಜೊಲ್ಲಿನ ನಾಳಕ್ಕೆ ಪೆಟ್ಟು, ನೋವಿನ ನೆನಪಿಗೆ ಕೂಸು ಹಾಲನ್ನೇ ಬೇಡವೆನ್ನುವುದು, ಪೊರೆ ಮತ್ತೆ ಅಂಟಿಕೊಳ್ಳುವುದು ಆಗಬಹುದು. ಮನೆಗೆ ಬಂದ ಮೇಲೆ ರಕ್ತ ಒಸರಿದರೆ ಹಾಲೂಡಿಸಿ. ನಿಲ್ಲದಿದ್ದರೆ ಶುದ್ಧ ಬಟ್ಟೆಯನ್ನು ನಾಲಿಗೆಯಡಿ ಮೆತ್ತಗೆ ಒತ್ತಿಹಿಡಿದು ಆಸ್ಪತ್ರೆಗೆ ಹೊರಡಿ. ಒಂದೆರಡು ದಿನದಲ್ಲಿ ಗಾಯದ ಜಾಗದಲ್ಲಿ ಬಿಳಿ ಅಥವಾ ಹಳದಿ ಪದರ ಕಾಣುತ್ತದೆ. ಅದು ಕೀವಲ್ಲ, ಮಾಯುತ್ತಿರುವ ಗುರುತು. ಒಂದೆರಡು ವಾರದಲ್ಲಿ ಹೋಗುತ್ತದೆ. ಕೆರೆಯಬೇಡಿ, ಅರಿಶಿನ ಹಚ್ಚಬೇಡಿ. ಗಾಯವನ್ನು ದಿನಕ್ಕೆ ಹಲವು ಸಲ ಬೆರಳಿನಿಂದ ಎಳೆದು ಹಿಗ್ಗಿಸಿ ಎಂದು ಕೆಲವರು ಹೇಳುತ್ತಾರೆ. ಉಪಯೋಗವಾಗುತ್ತದೆಂಬುದಕ್ಕೆ ಆಧಾರವಿಲ್ಲ, ಅಕಾಡೆಮಿಯೂ ಬೇಡ ಅನ್ನುತ್ತದೆ. ಕೂಸು ಹಾಲು ಕುಡಿಯುವುದೇ ನಾಲಿಗೆಗೆ ಸಾಕಷ್ಟು ವ್ಯಾಯಾಮ.

ಕೆಲವರಿಗೆ ಅಂದೇ ನೋವು ಇಳಿಯುತ್ತದೆ. ಎಷ್ಟೋ ಕೂಸುಗಳಿಗೆ ಬಿಡುವಾದ ನಾಲಿಗೆಯಲ್ಲಿ ಹೊಸದಾಗಿ ಕುಡಿಯಲು ಕಲಿಯಲು ಒಂದೆರಡು ವಾರ ಬೇಕು. ಆ ಅವಧಿಯಲ್ಲಿ ಹಾಲು ಹಿಂಡುವುದನ್ನು ನಿಲ್ಲಿಸಬೇಡಿ, ವಾರಕ್ಕೊಮ್ಮೆ ತೂಕ ಹಾಕಿಸಿ. ಎರಡು ವಾರವಾದರೂ ವ್ಯತ್ಯಾಸ ಕಾಣದಿದ್ದರೆ "ಸರಿಯಾಗಿ ಕತ್ತರಿಸಿಲ್ಲ, ಇನ್ನೊಮ್ಮೆ ಮಾಡೋಣ" ಅನ್ನುವ ಮಾತಿಗೆ ತಕ್ಷಣ ಒಪ್ಪದೆ, ಮತ್ತೆ ನಾಲ್ಕನೇ ಮತ್ತು ಐದನೇ ಹೆಜ್ಜೆಗೆ ಹೋಗಿ.